ಮೊದಲ ತಾಟು

"ಆ ನಾಲ್ಕೂ ನನಗ!"

"ಆ ನಾಲ್ಕೂ ನನಗ ಕಟ್ರಿ!"

ಎರಡು ದನಿಗಳು ಒಟ್ಟಿಗೇ ಹೊರಟವು. ಎರಡು ಕೈಗಳೂ ಒಟ್ಟಿಗೇ ಚಾಚಿಕೊಂಡವು.

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ಜೋಹರಾಬಿಯ ಭಜಿ ಅಂಗಡಿ. ಎಪ್ಪತ್ತಾರನೆಯ ಇಸವಿಯ ಸುಗ್ಗಿಯ ದಿನಗಳು. ಶನಿವಾರದ ಮಧ್ಯಾಹ್ನ. ಅಂದಿನ ಹಿಟ್ಟು ಮುಗಿದಿತ್ತು. ಕೊನೆಯ ನಾಲ್ಕು ಮಿರ್ಚಿ ಭಜಿಗಳು ಜಾಲರಿ ಸೌಟಿನ ಮೇಲೆ ಎಣ್ಣೆ ಸೋರಿಸಿಕೊಳ್ಳುತ್ತ ಕುಳಿತಿದ್ದವು.

ಇಂದ್ರಾಬಾಯಿ ಸಿಟ್ಟಿನಿಂದ ತಿರುಗಿ ನೋಡಿದಳು. ಎತ್ತರದ ಯುವಕ. ಖಾಕಿ ಪ್ಯಾಂಟು, ಎರೆಮಣ್ಣು ಮೆತ್ತಿದ ಬೂಟು, ಹೆಗಲ ಮೇಲೆ ನೆಲ ಅಳೆಯುವ ಮೂರು ಕಾಲಿನ ಸ್ಟ್ಯಾಂಡು. ಕಾಲುವೆ ಕೆಲಸದವನಿರಬೇಕು.

"ನಾ ಮೊದಲ ಬಂದೇನಿ," ಎಂದಳು.

"ನಾ ಮೊದಲ ಕೇಳೇನ್ರಿ," ಎಂದ ಅವನು.

"ಯಾ ಅಲ್ಲಾ!" ಜೋಹರಾಬಿ ಸೌಟಿನಿಂದ ಬಾಣಲೆಯ ಅಂಚು ಬಡಿದಳು. "ಇರೂದ ನಾಲ್ಕ ಭಜಿ. ಅದಕ್ಕ ಹೊಲದ ಬದು ಜಗಳ ತಗದಂಗ ತಗದೀರಲ್ಲ! ಎರಡೆರಡ ತಿಂದ ಬಸ್ ಹತ್ರಿ."

ಹಳೆಯ ಪೇಪರಿನ ಮೇಲೆ ನಾಲ್ಕನ್ನೂ ಹಾಕಿ ನಡುವೆ ಇಟ್ಟಳು. ಅವನು ಒಂದನ್ನು ಎತ್ತಿಕೊಂಡ. ಬಾಯಿಗೆ ಇಡುವವನಿದ್ದ. ಅಷ್ಟರಲ್ಲಿ ಇಂದ್ರಾಳ ಕೈ ಕಂಡಿತು. ಪೇಪರಿನತ್ತ ಬರುತ್ತಿದ್ದ ಆ ಕೈಬೆರಳುಗಳು ನಡುಗುತ್ತಿದ್ದವು.

ಅವನು ಎತ್ತಿಕೊಂಡಿದ್ದನ್ನು ಮತ್ತೆ ಪೇಪರಿನ ಮೇಲೆ ಇಟ್ಟು, ಪೇಪರನ್ನೇ ಅವಳತ್ತ ಸರಿಸಿದ.

"ತಗೋರಿ. ನಾಲ್ಕೂ ನಿಮಗ."

ಬೇಡವೆನ್ನಬೇಕಿತ್ತು... ಆದರೆ ಹೊಟ್ಟೆ ಕೇಳಲಿಲ್ಲ. ನಿಂತಲ್ಲೇ ಒಂದರ ಹಿಂದೊಂದು ನಾಲ್ಕೂ ಒಳಗೆ ಹೋದವು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆಗ ನೆನಪಾಯಿತು, ಅವನು ನೋಡುತ್ತ ನಿಂತಿದ್ದಾನೆ!

"ಒಂದ ಮಾತ ಕೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ," ಎಂದ ಅವನು ಮೆಲ್ಲಗೆ. "ಮುಂಜಾನೆ ಏನ ಉಂಡೀರಿ?"

"ನಿಮಗ್ಯಾಕ್ರಿ ಅದು?"

ನಾಲತವಾಡದ ಬಸ್ಸು ಹಾರ್ನ್ ಹೊಡೆಯಿತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಓಡಿದಳು. ಬಸ್ಸು ತಿರುಗುವಾಗ ಕಿಟಕಿಯಿಂದ ಒಮ್ಮೆ ನೋಡಿದಳು. ಅವನು ಅಲ್ಲೇ ನಿಂತು ಜೋಹರಾಬಿಯ ಜೊತೆ ಏನೋ ಮಾತಾಡುತ್ತಿದ್ದ.

'ನನ್ನ ಬಗ್ಗೆಯೇ ಇರಬೇಕು... ನಗುತ್ತಿರಬೇಕು!' ಎಂದುಕೊಂಡು ಮುಖ ತಿರುಗಿಸಿದಳು.

ಮುಂಜಾನೆ ಅವಳು ಏನೂ ಉಂಡಿರಲಿಲ್ಲ. ಅಂದು ಮಾತ್ರವಲ್ಲ, ಯಾವ ಮುಂಜಾನೆಯೂ.

ಇಂದ್ರಾ ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಮನೆ ನಾಲತವಾಡದಲ್ಲಿ. ಕೋಳಿ ಕೂಗುವಾಗ ಎದ್ದು ಅತ್ತಿಗೆ ರೇವವ್ವನ ಜೊತೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಸೋಮನಿಂಗ ಕುರಿ ಹಟ್ಟಿಯಿಂದ ಬರುವುದು ಬಿಸಿಲು ಏರಿದ ಮೇಲೆ. ಗಂಡಸರು ಉಣ್ಣುವ ಮೊದಲು ಹೆಂಗಸರು ತಾಟು ಹಚ್ಚಿಕೊಂಡು ಬಡಿಸಿಕೊಳ್ಳುವ ರೂಢಿ ಆ ಮನೆಯಲ್ಲಿರಲಿಲ್ಲ. ಅವಳ ಬಸ್ಸೋ, ಅಣ್ಣ ಬರುವುದಕ್ಕೆ ಎಷ್ಟೋ ಮೊದಲೇ ಹೊರಟುಬಿಡುತ್ತಿತ್ತು. ಬಿಸಿ ರೊಟ್ಟಿಯ ಬುಟ್ಟಿ ಕಣ್ಣೆದುರೇ ಇರುತ್ತಿತ್ತು. ಅವಳು ಒಂದು ಕಪ್ಪು ಚಹಾ ಕುಡಿದು ಓಡುತ್ತಿದ್ದಳು.

ತಿನ್ನಬೇಡ ಎಂದು ಯಾರೂ ಅಂದಿರಲಿಲ್ಲ. ತಿಂದೆಯಾ ಎಂದು ಯಾರೂ ಕೇಳಿಯೂ ಇರಲಿಲ್ಲ.

ಮಧ್ಯಾಹ್ನ ಶಾಲೆಯಲ್ಲಿ ಮತ್ತೆ ಚಹಾ, ಒಂದಿಷ್ಟು ಚುರುಮುರಿ. ಸಂಜೆ ಬಸ್ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಜೋಹರಾಬಿಯ ಬಾಣಲೆಯ ವಾಸನೆ ಕೊರಳಿಗೆ ಹಗ್ಗ ಹಾಕಿ ಎಳೆದಂತೆ ಎಳೆಯುತ್ತಿತ್ತು. ಭಜಿ, ಮೇಲೊಂದಿಷ್ಟು ಖಾರದ ಕುರುಕು ಫರಸಾಣ, ಮತ್ತೆ ಭಜಿ. ಮನೆಗೆ ಬಂದರೆ ರೊಟ್ಟಿ ಸೇರುತ್ತಿರಲಿಲ್ಲ. ಎದೆಯುರಿ. ವರ್ಷದೊಳಗೆ ರವಿಕೆಗಳೆಲ್ಲ ಬಿಗಿಯಾಗಿದ್ದವು. ಆದರೂ ಮೆಟ್ಟಿಲು ಹತ್ತಿದರೆ ಸುಸ್ತು. ತಿಂದೂ ತಿಂದೂ ಹಸಿದಿರುವ ಹುಡುಗಿ ಅವಳು.

ಅಂದು ಸಂಜೆ ಅತ್ತಿಗೆ ಅಂಗಳದಲ್ಲೇ ತಡೆದು ನಿಲ್ಲಿಸಿದಳು.

"ಇಂದ್ರಾ, ನಾಳೆ ಗಂಡಿನಾವ್ರು ಬರೂತನಕ ಬಾಯಿಗೆ ಏನೂ ಹಾಕಬ್ಯಾಡ. ಹೊಟ್ಟಿ ಒಳಗ ಹೋಗಿರಬೇಕು. ಹಸರ ಇಳಕಲ್ ಸೀರಿ ತಗದಿಟ್ಟೇನಿ."

"ಚಹಾ?"

"ಚಹಾ ಕುಡಿ. ಅದೇನ ಹೊಟ್ಟ್ಯಾಗ ಕೂಡ್ತೈತಿ?"

ಹುಡುಗ ಆಲಮೇಲದ ಕಡೆಯವನಂತೆ. ಆಲಮಟ್ಟಿಯ ಕೃಷ್ಣಾ ಯೋಜನೆಯ ಆಫೀಸಿನಲ್ಲಿ ಓವರ್ಸೀಯರ್ ಅಂತೆ. ಹೆಸರು ಸಿದ್ದರಾಯ. ಅಷ್ಟೇ ಗೊತ್ತಿದ್ದದ್ದು. ಫೋಟೋ ಯಾರೂ ತೋರಿಸಿರಲಿಲ್ಲ.

*

ಮರುದಿನ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಇಂದ್ರಾ ಅವಲಕ್ಕಿ, ಶಿರಾದ ತಾಟುಗಳಿದ್ದ ಪರಾತ ಹಿಡಿದು ಹೊಸ್ತಿಲು ದಾಟಿದಳು. ತಲೆ ಎತ್ತಿದಳು.

ಪರಾತವನ್ನು ಬಿಗಿಯಾಗಿ ಹಿಡಿದುಕೊಂಡಳು.

ಖಾಕಿ ಪ್ಯಾಂಟಿನ ಬದಲು ಬಿಳಿ ಅಂಗಿ, ಧೋತರ. ಅದೇ ಎತ್ತರ, ಅದೇ ಕಣ್ಣು. ಭಜಿ ಅಂಗಡಿಯ ಅವನೇ!

'ದೇವರೇ... ನಾಲ್ಕೂ ನಿಂತಲ್ಲೇ ತಿಂದದ್ದನ್ನು ನೋಡಿದ್ದಾನೆ. ಈಗ ಎಲ್ಲರ ಮುಂದೆ ಹೇಳಿಬಿಟ್ಟರೆ?'

ಅವನಿಗೂ ಗುರುತು ಸಿಕ್ಕಿತು. ತುಟಿಯಂಚಿನಲ್ಲಿ ಒಂದು ನಗು ಮೂಡಿತು. ಆದರೆ ಅವಳು ಎದುರಿಗೆ ಬಾಗಿ ತಾಟು ಇಡುವಾಗ ತಾಟು ಕಟಕಟ ಸದ್ದು ಮಾಡಿತು. ಮತ್ತೆ ಅದೇ ನಡುಗುವ ಕೈ. ನಗು ಹಾಗೆಯೇ ಮಾಯವಾಯಿತು.

ಅವನ ಕಾಕಾ ಅಮೋಘಸಿದ್ಧ ದೊಡ್ಡ ರುಮಾಲಿನ, ಅದಕ್ಕಿಂತ ದೊಡ್ಡ ದನಿಯ ಮನುಷ್ಯ. ಕುರಿ ಸಂತೆಯಲ್ಲಿ ಮಾತಾಡಿ ಮಾತಾಡಿ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

"ಏನರೆ ಕೇಳೂದಿದ್ದರ ಕೇಳಪಾ ಸಿದ್ದರಾಯಾ. ಆಮ್ಯಾಲೆ ನಾ ಕೇಳಲಿಲ್ಲ ಅನಬ್ಯಾಡ."

ಸಿದ್ದರಾಯ ಇಂದ್ರಾಳತ್ತ ತಿರುಗಿದ.

"ಮುಂಜಾನೆ ಏನ ಉಂಡೀರಿ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೇವವ್ವ ಸೆರಗು ಕಚ್ಚಿಕೊಂಡಳು. ಹುಡುಗಿಗೆ ಓದು ಕೇಳುತ್ತಾರೆ, ಅಡುಗೆ ಕೇಳುತ್ತಾರೆ. ಇದೆಂಥ ಪ್ರಶ್ನೆ?

ಇಂದ್ರಾ ಬಾಯಿ ಬಿಡಲಿಲ್ಲ. ಅವನು ತನ್ನ ಮುಂದಿದ್ದ ತಾಟನ್ನು ಎತ್ತಿ ಆಚೆ ಇಟ್ಟ.

"ಮೊದಲ ತಾಟ ಇವರಿಗಿ ಹಚ್ಚಿ ಕೊಡ್ರಿ. ಇವರ ಉಂಡ ಮ್ಯಾಲೆ ನಾವ ಉಣ್ತೇವಿ."

ಕಾಕಾ ಹೋ ಎಂದು ನಕ್ಕುಬಿಟ್ಟ. "ಅಲಲಲಾ! ಹೆಣ್ಣ ನೋಡಾಕ ಬಂದಿಯೋ, ಆಕಳ ಮೇಯಸಾಕ ಬಂದಿಯೋ?"

ಜೊತೆಗೆ ಬಂದವರೆಲ್ಲ ನಕ್ಕರು. ಅಣ್ಣನೂ, ಏನು ಮಾಡಬೇಕೋ ತಿಳಿಯದೆ, ಹಲ್ಲು ಬಿಟ್ಟ.

ಇಂದ್ರಾ ಪರಾತ ಅಲ್ಲೇ ಇಟ್ಟು ಒಳಗೆ ನಡೆದುಬಿಟ್ಟಳು. ಹಿಂದಿನಿಂದ ಸಿದ್ದರಾಯ ನಗಬೇಡಿರೆಂದು ಕಾಕಾನಿಗೆ ಗಟ್ಟಿಯಾಗಿ ಹೇಳಿದ. ಆ ನಗುವಿನ ಗದ್ದಲದಲ್ಲಿ ಅದು ಅವಳ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಸಂಜೆ ಅಣ್ಣ ಹಿಗ್ಗಿನಿಂದ ಒಳಗೆ ಬಂದ. "ಅವರ ಕಡಿಂದ ಒಪ್ಪಿಗಿ ಬಂದೈತಿ! ಹುಡುಗ ತಾನ ಮುಂದಾಗಿ ಹೂಂ ಅಂದಾನ."

"ನಾ ಒಲ್ಲೆ."

"ಯಾಕವಾ? ನೌಕರಿ ಐತಿ, ಕುಡಿಯೂದಿಲ್ಲ, ಸೇದೂದಿಲ್ಲ..."

"ನನ್ನ ಹಸಿವಿಗೆ ನಕ್ಕ ಮಂದಿ ಮನಿಗೆ ನಾ ಹೋಗೂದಿಲ್ಲಣ್ಣಾ."

ಸೋಮನಿಂಗ ತಂಗಿಯ ಮುಖ ನೋಡಿದ. ಮೂಲೆಯಲ್ಲಿ ಕೂತಿದ್ದ ತಾಯಿ ಶಂಕ್ರೆವ್ವ, "ಆಕಿ ಒಲ್ಲೆ ಅಂದ ಮ್ಯಾಲೆ ಬ್ಯಾಡ ಬಿಡು," ಎಂದಷ್ಟೇ ಹೇಳಿ ಎದ್ದು ದೀಪ ಹಚ್ಚಲು ಹೋದಳು.

*

ಸಿಟ್ಟಿಗೆ ಒಂದು ಕೆಲಸ ಬೇಕಿತ್ತು. ಇಂದ್ರಾ ಅದನ್ನು ಹೊಟ್ಟೆಯ ಮೇಲೆ ತೀರಿಸಿಕೊಂಡಳು.

'ಇನ್ನು ಭಜಿ ಮುಟ್ಟುವುದಿಲ್ಲ. ಫರಸಾಣ ಮುಟ್ಟುವುದಿಲ್ಲ. ಏನೂ ತಿನ್ನುವುದಿಲ್ಲ. ಆಕಳಂತೆ ಆಕಳು!'

ಸೋಮವಾರ ಗೆದ್ದಳು. ಮಂಗಳವಾರವೂ ಹೇಗೋ ಗೆದ್ದಳು. ಬುಧವಾರ ಸಂಜೆ ಮಾತ್ರ ಮರದ ಹಿಂದೆ ನಿಂತು, ಯಾರಿಗೂ ಕಾಣದಂತೆ, ತಿಂದದ್ದೆಷ್ಟೋ ಲೆಕ್ಕವೇ ಸಿಗಲಿಲ್ಲ. ಬಸ್ಸಿನಲ್ಲಿ ಕೂತು ಅತ್ತಳು. ಮರುದಿನ ಮತ್ತೆ ಶಪಥ.

ಆ ಶನಿವಾರ ಶಾಲೆ ಬಿಟ್ಟು ಬರುವಾಗ ಬೇವಿನ ಮರ ಗಿರ್ರೆಂದು ತಿರುಗಿದಂತಾಯಿತು. ಮುಂದೇನಾಯಿತೋ ತಿಳಿಯಲಿಲ್ಲ.

ಕಣ್ಣು ಬಿಟ್ಟಾಗ ಜೋಹರಾಬಿಯ ಮಡಿಲಲ್ಲಿ ತಲೆಯಿತ್ತು. ಮುಖದ ಮೇಲೆ ನೀರು.

"ಉಠೋ ಬೇಟಾ, ಮೆಲ್ಲಕ ಏಳು. ಏನ ತಿಂದಿ ಮುಂಜಾನಿಂದ?"

"ಭಜಿ ಬ್ಯಾಡ್ರಿ..."

"ಭಜಿ ಯಾರ ಕೊಡಾಕತ್ತಾರ ನಿನಗ?" ಜೋಹರಾಬಿ ತನ್ನ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಮೊಳಕೆ ಬಂದ ಮಡಕಿ ಕಾಳಿನ ಪಲ್ಯ, ಒಂದು ಹಸಿ ಉಳ್ಳಾಗಡ್ಡಿ, ಸಣ್ಣ ಮಗಿಯಲ್ಲಿ ಮಜ್ಜಿಗೆ. "ಇದನ್ನ ಉಣ್ಣು. ಸಾವಕಾಶ. ಯಾರೂ ಕಸಗೊಳ್ಳೂದಿಲ್ಲ."

ಇಂದ್ರಾ ಉಂಡಳು. ಪ್ರತಿ ತುತ್ತನ್ನೂ ಅಗಿದು ಉಂಡಳು. ಮಜ್ಜಿಗೆ ಕುಡಿದಳು. ಒಲೆಯ ಮೇಲೆ ಬಾಣಲೆ ಚುರ್ರೆನ್ನುತ್ತಲೇ ಇತ್ತು. ಅದೇ ಮಿರ್ಚಿ, ಅದೇ ವಾಸನೆ. ಆದರೆ ಕೊರಳಿನ ಹಗ್ಗ ಯಾರೋ ಬಿಚ್ಚಿದಂತಿತ್ತು.

"ಕಾಕಿ... ಇವತ್ತ ನನಗ ಭಜಿ ಬೇಕ ಅನಸವಲ್ದು," ಎಂದಳು ಬೆರಗಾಗಿ.

"ಹೊಟ್ಟಿ ತುಂಬೈತಲ್ಲ, ಅದಕ್ಕ. ಖಾಲಿ ಹೊಟ್ಟಿಲೆ ಬಂದ್ರ ನನ್ನ ಬಾಣಲಿ ಸೈತ ತಿಂದ ಹೋಗ್ತಿದ್ದಿ." ಜೋಹರಾಬಿ ತನ್ನ ಹೊಟ್ಟೆ ತಟ್ಟಿಕೊಂಡು ನಕ್ಕಳು. "ಹೇಳಾಕ ನಾ ಶಾಣ್ಯಾಕಿ. ನಾನೂ ರುಚಿ ನೋಡ್ತೇನಿ ರುಚಿ ನೋಡ್ತೇನಿ ಅಂತ ದಿನಾ ಒಂದ ಘಾಣಾ ಭಜಿ, ಒಂದ ಸಲ ಕರದದ್ದೆಲ್ಲಾ, ನಾನ ತಿಂತೇನಿ. ಎದಿ ಉರಿ ನನಗೂ ಬಿಟ್ಟಿಲ್ಲ."

ಇಂದ್ರಾಳಿಗೂ ನಗು ಬಂತು. ಎಷ್ಟೋ ದಿನದ ಮೇಲೆ.

"ಆವತ್ತ ಆ ಕಾಲುವೆ ಸಾಹೇಬ ಖರೇನ ಹೇಳಿದ್ದ ನೋಡು," ಎಂದಳು ಜೋಹರಾಬಿ ಹಿಟ್ಟು ಕಲಸುತ್ತ.

ಇಂದ್ರಾಳ ಕೈ ಮಗಿಯ ಮೇಲೆ ಹಾಗೇ ನಿಂತಿತು. "ಏನ ಹೇಳಿದ್ದ?"

"ನೀ ಬಸ್ ಹತ್ತಿದ ಮ್ಯಾಲೆ ಇಲ್ಲೇ ನಿಂತಿದ್ದ ಪಾಪ. 'ಕಾಕಿ, ಆಕಿ ಕೈ ನಡಗಾಕತ್ತಿದ್ದು ನೋಡಿದ್ರೇನು? ನಮ್ಮವ್ವನ ಕೈ ಹಿಂಗ ನಡಗತಿತ್ತು' ಅಂದ. ದೊಡ್ಡ ಮನಿ ಅಂತ ಅವರದು. ಅವ್ವ ಎಲ್ಲಾರಿಗೂ ಉಣಿಸಿ ಕಡೀಕ ಉಣ್ಣಾಕಿ. ಕಡೀಕ ಏನ ಉಳೀತೈತಿ ಗಡಗ್ಯಾಗ? ಚಹಾ ಕುಡದು, ಚುರುಮುರಿ ತಿಂದು ದಿನಾ ದೂಡೂದು. ಒಂದಿನ ಚಕ್ಕರ ಬಂದು ಒಲಿ ಮ್ಯಾಲೆ ಬಿದ್ಲಂತ. ಕೈ ಸುಟ್ಟಕೊಂಡ್ಲು. ಆವತ್ತಿನಿಂದ ಈ ಹುಡುಗ ಅವ್ವನ ತಾಟ ಮೊದಲ ಹಚ್ಚಿದ ಹೊರ್ತು ತಾ ಉಣ್ಣಾಕ ಕೂಡೂದಿಲ್ಲಂತ. ಮಂದಿ ನಕ್ರೂ ಬಿಡವಲ್ಲಂತ."

ಇಂದ್ರಾ ಮಗಿಯನ್ನು ಕೆಳಗಿಟ್ಟಳು.

'ಮೊದಲ ತಾಟ ಇವರಿಗಿ ಹಚ್ಚಿ ಕೊಡ್ರಿ...'

ಅವನು ನಕ್ಕಿರಲಿಲ್ಲ. ಆ ಪಡಸಾಲೆಯಲ್ಲಿ ಅಷ್ಟು ಜನರಲ್ಲಿ ಅವನೊಬ್ಬನೇ ನಕ್ಕಿರಲಿಲ್ಲ. ಅವಳ ಮನೆಯಲ್ಲಿ ಯಾರೂ ಎಂದೂ ಕೇಳದ ಮಾತನ್ನು ಅವನು ಎರಡು ಸಲ ಕೇಳಿದ್ದ. ಅವಳು ಎರಡು ಸಲವೂ ಉತ್ತರ ಕೊಟ್ಟಿರಲಿಲ್ಲ.

'ಅಯ್ಯೋ... ನಾನು ಒಲ್ಲೆ ಅಂದುಬಿಟ್ಟೆನಲ್ಲ!'

*

ಸೋಮವಾರ ಮುಂಜಾನೆ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಇಂದ್ರಾ ಅದನ್ನು ಬುಟ್ಟಿಗೆ ಹಾಕಲಿಲ್ಲ. ತಾಟಿಗೆ ಹಾಕಿದಳು. ಮೇಲೆ ಕಾಳಿನ ಪಲ್ಯ, ಬದಿಯಲ್ಲಿ ಮೊಸರು, ತೊಳೆದಿಟ್ಟ ಹಕ್ಕರಕಿ ಸೊಪ್ಪು.

"ಯಾರಿಗವಾ ಅದು? ಅಣ್ಣ ಇನ್ನಾ ಬಂದಿಲ್ಲ," ಎಂದಳು ತಾಯಿ.

"ನನಗವ್ವಾ. ನಾ ಉಂಡ ಹೋಗ್ತೇನಿ."

"ಗಂಡಸ್ರು ಉಣ್ಣಲಾರದ..."

"ಹಸದು ಹೋದ್ರ ದಾರಿಮ್ಯಾಲಿಂದೆಲ್ಲಾ ತಿಂತೇನವ್ವಾ. ಶನಿವಾರ ಬಸ್ ಸ್ಟ್ಯಾಂಡಿನ್ಯಾಗ ಚಕ್ಕರ ಬಂದು ಬಿದ್ದೇನಿ. ನಿನಗ ಹೇಳಿಲ್ಲ."

ರೇವವ್ವ ಎರಡನೆಯ ರೊಟ್ಟಿ ತಿರುವುತ್ತಿದ್ದವಳು ಅತ್ತೆಯ ಮುಖ ನೋಡಿದಳು, ನಾದಿನಿಯ ತಾಟು ನೋಡಿದಳು. ಆಮೇಲೆ ಏನನ್ನಿಸಿತೋ, ಇಂದ್ರಾಳ ತಾಟಿನಿಂದಲೇ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು.

ಅದೇ ಹೊತ್ತಿಗೆ ಬಾಗಿಲು ಸರಿಯಿತು. ಸೋಮನಿಂಗ! ಎಂದೂ ಇಷ್ಟು ಬೇಗ ಬಾರದವನು, ಕಂಬಳಿಯಲ್ಲಿ ಸುತ್ತಿದ ಎಳೆಯ ಕುರಿಮರಿಯನ್ನು ಎದೆಗೆ ಒತ್ತಿಕೊಂಡು ಬಂದಿದ್ದ.

ತುತ್ತು ರೇವವ್ವನ ಬಾಯಲ್ಲೇ ಉಳಿಯಿತು.

"ಇದರ ತಾಯಿಗೆ ಹಾಲ ಇಲ್ಲ. ಜಲ್ದಿ ಒಂದೀಟ ಹಾಲ ಕಾಸು, ಹಸಗೊಂಡ ಒದರಾಕತ್ತೈತಿ," ಎಂದ ಅವನು. ಆಮೇಲೆ ಹೆಂಡತಿಯ ಉಬ್ಬಿದ ಕೆನ್ನೆ ಕಂಡಿತು. "ಏನ ನಡಸೀರಿ ಇಲ್ಲೆ?"

ರೇವವ್ವ ತುತ್ತು ನುಂಗಿದಳು. ಮದುವೆಯಾದಾಗಿನಿಂದ ನುಂಗಿದ್ದ ಮಾತೊಂದು ಅದರ ಬದಲಿಗೆ ಹೊರಗೆ ಬಂತು.

"ಮರಿ ಹಸದದ್ದು ಗೊತ್ತಾಗತೈತಿ ನಿಮಗ. ನಾವು ಹಸದದ್ದು ಎಂದಾದ್ರೂ ಗೊತ್ತಾಗೇತೇನು?"

ಒಲೆಯ ಬೆಂಕಿ ಚಟಪಟ ಅಂದಿತು. ಮರಿ ಬ್ಯಾ ಎಂದಿತು.

ಸೋಮನಿಂಗ ಮರಿಯನ್ನು ಶಂಕ್ರೆವ್ವನ ಮಡಿಲಲ್ಲಿಟ್ಟು, ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಹಂಗಾರ ಎಲ್ಲಾರೂ ಕೂಡೇ ಉಣ್ರೆಪಾ. ನನಗೂ ಒಂದ ಹಾಕ್ರಿ. ಅದಕ್ಕ ಇಷ್ಟ ಸಿಟ್ಟ್ಯಾಕ?"

ಅಷ್ಟೇ. ಅಷ್ಟು ಸುಲಭವಿತ್ತು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಅಂದಿನಿಂದ ಇಂದ್ರಾ ಉಂಡೇ ಬಸ್ ಹತ್ತಿದಳು. ಚೀಲದಲ್ಲಿ ಬುತ್ತಿ: ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಗಜ್ಜರಿಯೋ ಸೌತೆಕಾಯಿಯೋ. ಸಂಜೆ ಶಾಲೆ ಬಿಡುವ ಹೊತ್ತಿಗೆ ಒಂದು ಹಿಡಿ ಪುಟಾಣಿ, ಒಂದು ಚೂರು ಬೆಲ್ಲ, ಒಂದು ಲೋಟ ನೀರು. ಭಜಿಯನ್ನೇನೂ ಬಿಡಲಿಲ್ಲ. ಶನಿವಾರ ಮಾತ್ರ, ಕಲ್ಲಿನ ಮೇಲೆ ಕೂತು, ಎರಡು. ಎರಡೇ ಆದ್ದರಿಂದ ಅವುಗಳ ರುಚಿ ಮೊದಲಿಗಿಂತ ಹೆಚ್ಚಾದಂತಿತ್ತು. ಎಲ್ಲ ದಿನವೂ ಗೆಲ್ಲುತ್ತಿದ್ದಳು ಎಂದಲ್ಲ. ಒಮ್ಮೊಮ್ಮೆ ಫರಸಾಣದ ಪೊಟ್ಟಣ ಖಾಲಿಯಾಗಿಯೇ ಹೋಗುತ್ತಿತ್ತು. ಹೋದರೆ ಹೋಯಿತು, ಮರುದಿನ ಮುಂಜಾನೆ ಮತ್ತೆ ರೊಟ್ಟಿ ಉಣ್ಣುತ್ತಿದ್ದಳು. ಹಿಂದಿನಂತೆ ಶಪಥ ಮಾಡುತ್ತಿರಲಿಲ್ಲ.

ಕೈ ನಡುಗುವುದು ನಿಂತಿತು.

ಆದರೆ ಒಂದು ಸಂಜೆ ನೀರು ತರಲು ಹೋಗಿದ್ದ ರೇವವ್ವ ಸುದ್ದಿ ತಂದಳು. "ಆ ಆಲಮೇಲದಾವ್ರು ಇಂಡಿ ಕಡೆ ಹೆಣ್ಣ ನೋಡಾಕತ್ತಾರಂತ."

ಇಂದ್ರಾ ಎದ್ದು ಒಳಗೆ ಹೋದಳು. ಕೈ ತಾನಾಗಿಯೇ ಮೇಲಿನ ಗೂಡಿಗೆ ಹೋಯಿತು. ಚೂಡಾದ ಡಬ್ಬಿ ಕೆಳಗಿಳಿಯಿತು. ಮುಚ್ಚಳ ತೆಗೆದಳು. ಒಂದು ಹಿಡಿ ತುಂಬಿಕೊಂಡಳು...

ನಿಂತಳು.

ಉಂಡು ಇನ್ನೂ ತಾಸೂ ಆಗಿರಲಿಲ್ಲ. ಹೊಟ್ಟೆ ತುಂಬಿತ್ತು. ಹಾಗಾದರೆ ಯಾರಿಗೆ ಹಸಿವಾಗಿದೆ?

'ಇದು ಹೊಟ್ಟೆಯದಲ್ಲ. ಚೂಡಾದಿಂದ ತುಂಬುವುದೂ ಅಲ್ಲ.'

ಹಿಡಿಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. ಆಮೇಲೆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಅಲ್ಲೇ ಕತ್ತಲ ಮೂಲೆಯಲ್ಲಿ ಕೂತು, ಮನಸ್ಸು ಹಗುರಾಗುವಷ್ಟು ಅತ್ತಳು.

ಒಲ್ಲೆ ಎಂದ ಹುಡುಗಿ ತಾನೇ ಹೋಗಿ ಬೇಕು ಎನ್ನುವುದು ಹೇಗೆ? ಮನೆಯವರ ಬಾಯಲ್ಲಿ ಹೇಳಿಸಿದರೆ ಆ ಕಾಕಾ ಇನ್ನೊಮ್ಮೆ ನಗುತ್ತಾನೆ. ಉಳಿದದ್ದು ಒಂದೇ ದಾರಿ. ಅವನು ಕಾಲುವೆಯ ಕೆಲಸಕ್ಕೆ ಈ ಕಡೆ ಬಂದರೆ ಮುದ್ದೇಬಿಹಾಳದಲ್ಲೇ ಬಸ್ಸು ಬದಲಿಸಬೇಕು. ಅಂದಿನಿಂದ ಶನಿವಾರಗಳಲ್ಲಿ ಅವಳು ಮೊದಲ ಬಸ್ಸನ್ನು ಬಿಟ್ಟುಬಿಡುತ್ತಿದ್ದಳು. ಅರ್ಧ ಬುತ್ತಿ ಉಳಿಸಿಕೊಂಡು ಬೇವಿನ ಮರದ ಕೆಳಗೆ ಕೂಡುತ್ತಿದ್ದಳು.

ಜೋಹರಾಬಿ ಕಲ್ಲಿನ ಮೇಲೆ ಒಂದು ಗೋಣಿಚೀಲ ಹಾಸಿಕೊಟ್ಟಳು.

*

ಸುಗ್ಗಿ ಮುಗಿದು ಬಿಸಿಲು ಜೋರಾಗಿತ್ತು. ಬೇವು ಹೂ ಬಿಟ್ಟಿತ್ತು. ಅಂದು ಬಸವನ ಬಾಗೇವಾಡಿಯಿಂದ ಬಂದ ಕೆಂಪು ಬಸ್ಸಿನಿಂದ ಮೊದಲು ಮೂರು ಕಾಲಿನ ಸ್ಟ್ಯಾಂಡು ಇಳಿಯಿತು. ಹಿಂದೆ ಸಿದ್ದರಾಯ ಇಳಿದ.

ಮುಖ ಕಪ್ಪಿಟ್ಟಿತ್ತು. ಗಲ್ಲ ಒಳಗೆ ಹೋಗಿತ್ತು. ನೇರ ಬಾಣಲೆಯ ಹತ್ತಿರ ಬಂದ.

"ಕಾಕಿ, ಎಷ್ಟ ಅದಾವ ಅಷ್ಟೂ ಕೊಡ್ರಿ."

ಪೇಪರ್ ಹಿಡಿಯಲು ಚಾಚಿದ ಕೈ ಸಣ್ಣಗೆ ನಡುಗುತ್ತಿತ್ತು.

ಇಂದ್ರಾ ಆ ಕೈ ನೋಡಿದಳು. ಎದ್ದು ನಿಂತಳು. ಕೇಳಿಯೇಬಿಟ್ಟಳು.

"ಮುಂಜಾನೆ ಏನ ಉಂಡೀರಿ?"

ಅವನು ಬೆಚ್ಚಿ ತಿರುಗಿದ. ಗುರುತು, ಅಚ್ಚರಿ, ಆಮೇಲೆ ಒಂದು ನೋವು, ಮೂರೂ ಆ ಮುಖದ ಮೇಲೆ ಒಂದರ ಹಿಂದೊಂದು ಹಾದುಹೋದವು.

"ನಿಮಗ್ಯಾಕ್ರಿ ಅದು?" ಎಂದ ಮೆಲ್ಲಗೆ.

"ನನಗ ಬೇಕಾಗೇತಿ. ಅದಕ್ಕ ಕೇಳಾಕತ್ತೇನಿ."

ಸಿದ್ದರಾಯ ತಲೆ ತಗ್ಗಿಸಿದ. "ಏನೂ ಉಂಡಿಲ್ಲ. ಕಾಲುವೆ ಮ್ಯಾಲೆ ಟೆಂಟಿನ್ಯಾಗ ಒಬ್ಬಾವನ ಇರ್ತೇನಿ. ಅವ್ವ ಊರಾಗ ಅದಾಳ. ಒಬ್ಬಗ ಒಲಿ ಹಚ್ಚಾಕ ಬ್ಯಾಸರ. ಚಹಾ, ಬಿಸ್ಕೀಟ, ಸಿಕ್ಕಲ್ಲೆ ಭಜಿ..."

"ಅವ್ವಗ ತಾಟ ಹಚ್ಚಿ ಕೊಡಾಂವ, ತನಗ ಹಚ್ಚಿಕೊಳ್ಳೂದ ಗೊತ್ತಿಲ್ಲೇನು?"

ಅವನು ತಟ್ಟನೆ ತಲೆ ಎತ್ತಿದ. ಜೋಹರಾಬಿಯತ್ತ ನೋಡಿದ. ಅವಳು ಬಾಣಲೆಯೊಳಗೆ ಏನೋ ಬಹಳ ಮುಖ್ಯವಾದದ್ದು ಬಿದ್ದಿದೆ ಎಂಬಂತೆ ಬಗ್ಗಿ ಹುಡುಕತೊಡಗಿದಳು.

ಇಂದ್ರಾ ಕಲ್ಲಿನ ಮೇಲೆ ಬುತ್ತಿ ಬಿಚ್ಚಿದಳು.

ಬಸ್ ಸ್ಟ್ಯಾಂಡಿನಲ್ಲಿ ಜನ ತುಂಬಿದ್ದರು. ನಾಲತವಾಡದವರೇ ನಾಲ್ಕಾರು ಮಂದಿ. ಆ ಸೀಮೆಯಲ್ಲಿ ಹೆಣ್ಣು ಬುತ್ತಿ ಬಿಚ್ಚಿ ಮುಂದಿಟ್ಟರೆ ಅದು ಅಪ್ಪನಿಗೆ, ಅಣ್ಣನಿಗೆ, ಇಲ್ಲವೇ ಗಂಡನಿಗೆ. ಬೇರೆ ಯಾರಿಗೂ ಅಲ್ಲ. ಚಿಕ್ಕ ಮಕ್ಕಳಿಗೂ ತಿಳಿದಿದ್ದ ವಿಷಯ ಅದು.

ಸಿದ್ದರಾಯನಿಗೂ ತಿಳಿದಿತ್ತು.

"ಮಂದಿ ನೋಡಾಕತ್ತಾರ್ರಿ."

"ನೋಡ್ಲಿ."

"ನೀವು ಒಲ್ಲೆ ಅಂದಿದ್ರಿ."

"ಅಂದಿದ್ದೆ. ನೀವೂ ನನಗ ನಕ್ಕೀರಿ ಅನಕೊಂಡಿದ್ದೆ." ಅವಳ ಕಣ್ಣು ತುಂಬಿ ಬಂತು. "ಇಂಡಿ ಹೆಣ್ಣ ಒಪ್ಪಿಗಿ ಆಗಿದ್ರ ಹೇಳಿಬಿಡ್ರಿ. ಬುತ್ತಿ ಹಂಗ ಕಟ್ಟಿಕೊಂಡ ಹೋಗ್ತೇನಿ."

"ಕಾಕಾ ನೋಡ್ಯಾರ. ನಾ ಹೋಗಿಲ್ಲ." ಅವನು ಮೂರು ಕಾಲಿನ ಸ್ಟ್ಯಾಂಡನ್ನು ಕೆಳಗಿಟ್ಟು ಎದುರಿನ ಕಲ್ಲಿನ ಮೇಲೆ ಕೂತ. "ಆವತ್ತ ಎಲ್ಲಾರ ಮುಂದ ಹಂಗ ಕೇಳಬಾರದಿತ್ತು. ತಪ್ಪ ನಂದು. ನಿಮ್ಮ ಕೈ ನೋಡಿದೆ... ತಡಕೊಳ್ಳಾಕ ಆಗಲಿಲ್ಲ."

"ಕೇಳಿದ್ದ ತಪ್ಪಲ್ಲ. ನಿಮ್ಮ ಕಾಕಾನ್ನ ಕರಕೊಂಡ ಬಂದ ಕೇಳಿದ್ದ ತಪ್ಪ."

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು, ಕಣ್ಣೀರು ಒರೆಸಿಕೊಳ್ಳುತ್ತ. ಜೋಹರಾಬಿ ಸೌಟು ಎತ್ತಿ ಕೇಳಿದಳು, "ಸಾಹೇಬ್ರ, ಭಜಿ ಎಷ್ಟ ಹಾಕ್ಲಿ? ಎಲ್ಲಾನೂ?"

"ಎರಡ ಹಾಕ್ರಿ ಕಾಕಿ," ಎಂದಳು ಇಂದ್ರಾ. "ಒಬ್ಬೊಬ್ಬರಿಗೆ ಒಂದು. ಮೊದಲ ರೊಟ್ಟಿ ಉಣ್ಲಿ."

ರೊಟ್ಟಿಯನ್ನು ಎರಡು ಮಾಡಿ ಒಂದು ಪಾಲನ್ನು ಅವನ ಮುಂದಿಟ್ಟಳು. ಹಿಂಡಿಯ ಮೇಲೆ ಮೊಸರು ಹಾಕಿದಳು. ಅವನು ಕೈ ತೊಳೆದು ಬಂದು ಕೂತ, ಆದರೆ ತುತ್ತು ಮುರಿಯಲಿಲ್ಲ. ಅವಳನ್ನೇ ನೋಡುತ್ತ ಕಾದ.

"ಉಣ್ರಿ," ಎಂದಳು.

"ಮೊದಲ ನೀವು."

"ನಾ ಮುಂಜಾನೆ ಉಂಡೇನಿ. ಬಿಸಿ ರೊಟ್ಟಿ, ಮಡಕಿ ಕಾಳ, ಮೊಸರ. ಅಣ್ಣ, ಅತ್ತಿಗಿ, ಅವ್ವ, ಎಲ್ಲಾರೂ ಕೂಡೇ ಉಂಡ ಬಂದೇನಿ."

ಅವಳು ತನ್ನ ಕೈ ಮುಂದೆ ಚಾಚಿ ತೋರಿಸಿದಳು. ಬೆರಳುಗಳು ನಡುಗುತ್ತಿರಲಿಲ್ಲ. ಸಿದ್ದರಾಯ ಆ ಕೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ರೊಟ್ಟಿ ಮುರಿದ.

ಬಸ್ಸು ಬಂದಾಗ ಬುತ್ತಿಯ ಬಟ್ಟೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಅವಳು ಬಟ್ಟೆ ಕೊಡವಿ ಮಡಚಿದಳು. ಎರಡು ಹೆಜ್ಜೆ ಹೋದವಳು ತಿರುಗಿದಳು.

"ನಾಳೆ ಐತವಾರ. ನಮ್ಮನ್ಯಾಗ... ಒಂದ ತಾಟ ಹೆಚ್ಚ ಇಡಸ್ಲಿ?"

"ನಾಳೆ ಬ್ಯಾಡ," ಎಂದ ಅವನು.

ಅವಳ ಮುಖ ಬಾಡಿತು.

"ಅವ್ವ ಆಲಮೇಲದಾಗ ಅದಾಳ. ಸಿಂದಗಿ ಬಸ್ ಹಿಡದು ಹೋಗಿ ಕರಕೊಂಡ ಬರಬೇಕು. ಮುಂದಿನ ಐತವಾರ ಬರ್ತೇವಿ. ಎರಡ ತಾಟ ಇಡಸ್ರಿ."

"ಕಾಕಾ?"

"ಅವರಿಗಿ ಕುರಿ ಸಂತಿ ಐತಿ ಅಂತ ಹೇಳ್ತೇನಿ."

ಕಂಡಕ್ಟರ್ ಸೀಟಿ ಊದಿದ. ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೇಳಿದಳು,

"ಮೊದಲ ತಾಟ ಯಾರಿಗಿ ಹಚ್ಚಬೇಕ್ರಿ? ನಿಮಗೋ, ನಿಮ್ಮವ್ವಗೋ?"

"ಅವ್ವಗ," ಎಂದ ಸಿದ್ದರಾಯ, ಚಲಿಸತೊಡಗಿದ ಬಸ್ಸಿನ ಜೊತೆ ನಡೆಯುತ್ತ. "ಎರಡನೇದು ನಿಮಗ. ನನಗ ನೀವ ಹಚ್ಚಿದಾಗ."

"ತಡ ಆಗೂದಿಲ್ಲ ಬಿಡ್ರಿ," ಎಂದಳು ಇಂದ್ರಾ. "ಆದ್ರ ನಾಳೆ ಮುಂಜಾನೆ ಒಲಿ ಹಚ್ರಿ. ಉಂಡ ಬಸ್ ಹತ್ರಿ."